ಊರು ಬರೆದಿಡದ ಲೆಕ್ಕ: ಮುಂಬೈ ದುಬಾರಿಯಾದಾಗಲೆಲ್ಲ ಒಳನಾಡು ತೆತ್ತಿದ್ದೇನು?

'ಮುಂಬೈಲಿ ಕಟ್ಟೋ ಬಾಡಿಗೆ ದುಡ್ಡಲ್ಲಿ ನಮ್ಮೂರಲ್ಲಿ ಮನೆಗೆ ಪಾಯಾನೇ ಹಾಕ್ಬೋದು' ಎನ್ನುವ ಮಾತು ಅರಸೀಕೆರೆ ಸೀಮೆಯಲ್ಲಿ ಹೊಸದಲ್ಲ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದವರು ಅದನ್ನು ಹೇಳುತ್ತಾರೆ. ಕೇಳಿಸಿಕೊಂಡವರು ಹೌದೌದು ಎನ್ನುತ್ತಾರೆ. ಆಮೇಲೆ ಬಂದವರು ದಾದರಿಗೆ ಹೋಗುವ ಚಾಲುಕ್ಯ ರೈಲನ್ನೋ ಶರಾವತಿ ರೈಲನ್ನೋ ಹತ್ತಿ ಮತ್ತೆ ಹೊರಡುತ್ತಾರೆ. ಈಚಿನ ವರ್ಷಗಳಲ್ಲಿ ಈ ಮಾತಿಗೆ ಇನ್ನೊಂದು ರೂಪ ಬಂದಿದೆ. ಸಮುದ್ರದ ದಂಡೆಯ ದೊಡ್ಡ ನಗರಗಳು ಕೈಗೆಟುಕದಷ್ಟು ದುಬಾರಿಯಾಗಿವೆ, ಒಳನಾಡಿನ ಸಣ್ಣ ಊರುಗಳಿಗೆ ಬಂದು ನೆಲೆಸಿ, ಖರ್ಚು ಅರ್ಧಕ್ಕರ್ಧ ಉಳಿಯುತ್ತದೆ ಎಂದು ಪೇಪರಿನಲ್ಲೂ ಫೋನಿನಲ್ಲೂ ಸಲಹೆಗಳು ಬರುತ್ತಿವೆ.

ಸಲಹೆ ತಪ್ಪೇನಲ್ಲ. ಆದರೆ ಅದರೊಳಗೆ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಕಣಕಟ್ಟೆಯಂಥ ಹೋಬಳಿ ಊರು ಅಗ್ಗವಾಗಿರುವುದು ಹೇಗೆ? ಅಗ್ಗ ಎನ್ನುವುದು ಮಣ್ಣಿನ ಗುಣವೇ, ಇಲ್ಲ ಆ ವ್ಯತ್ಯಾಸವನ್ನು ಯಾರಾದರೂ ಕೈಯಿಂದ ತುಂಬುತ್ತಿದ್ದಾರೆಯೇ? ಕಡಲ ದಂಡೆಯ ನಗರಗಳಿಂದ ಜನ ಒಳನಾಡಿಗೆ ಬಂದ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಉತ್ತರ ಸಿಗುತ್ತದೆ. 1896, 1942, 1982, 2020. ಈ ನಾಲ್ಕು ಸಲವೂ ಜನ ಬಂದರು. ಯಾರು ಏನನ್ನು ಹೊತ್ತುಕೊಂಡು ಬಂದರು, ಬಂದಮೇಲೆ ಅವರ ಖರ್ಚನ್ನು ಯಾರು ಹೊತ್ತರು ಎನ್ನುವುದರಲ್ಲಿ ಮಾತ್ರ ಅಜಗಜಾಂತರ.

ಕಡಲಿಗೂ ಅರಸೀಕೆರೆಗೂ ಇದ್ದ ದಾರಿ

ಅರಸೀಕೆರೆಗೆ ಸಮುದ್ರ ದೂರವಾದರೂ ಅಪರಿಚಿತವಲ್ಲ. ಹೊಯ್ಸಳರ ಕಾಲದಲ್ಲಿ ಇದು ದೊಡ್ಡ ವ್ಯಾಪಾರದ ಪಟ್ಟಣ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸಿದರು. ಅದರಲ್ಲಿರುವ ಅರಸೀಕೆರೆಯ ಶಾಸನಗಳಲ್ಲಿ ಹಡಗಿನ ಮೂಲಕ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಯ ಪ್ರಸ್ತಾಪ ಬರುತ್ತದೆ. ಕಡಲಾಚೆಯ ಸರಕು ಘಟ್ಟ ಹತ್ತಿ ಇಲ್ಲಿಗೆ ಬರುತ್ತಿತ್ತು. ಇಲ್ಲಿನ ಈಶ್ವರ ದೇವಾಲಯ, ಸಹಸ್ರಕೂಟ ಜಿನಾಲಯ ಎರಡೂ 1220ರ ಆಸುಪಾಸಿನವು. ವ್ಯಾಪಾರದ ದುಡ್ಡು ಓಡಾಡದ ಊರಿನಲ್ಲಿ ಅಂಥ ಕಟ್ಟಡಗಳು ಏಳುವುದಿಲ್ಲ.

ಇದನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಆಗ ಕಡಲ ಕಡೆಯಿಂದ ಬರುತ್ತಿದ್ದವರು ಸರಕು, ಹಣ ಎರಡನ್ನೂ ತರುತ್ತಿದ್ದರು. ಅಗ್ಗದ ಜೀವನ ಹುಡುಕಿಕೊಂಡು ಬಂದವರಲ್ಲ ಅವರು. ಇಲ್ಲಿ ಅರಮನೆಯ ಗಿರಾಕಿ ಇದ್ದ, ಅದಕ್ಕೇ ಬಂದರು.

ಆಧುನಿಕ ಕಾಲದ ದಾರಿ ರೈಲಿನದು. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಬೀರೂರು ಹಾದು ಹರಿಹರ, ಹುಬ್ಬಳ್ಳಿ ಕಡೆಗೆ ಹೋಗುವ ಹಳಿ 1880ರ ದಶಕದ ಕೊನೆಗೆ ಕೂಡಿಕೊಂಡಿತು. ಮೈಸೂರಿನಿಂದ ಹಾಸನ ಹಾದು ಬರುವ ಹಳಿಯೂ ಮುಂದೆ ಬಂದು ಸೇರಿದಾಗ ಅರಸೀಕೆರೆ ಜಂಕ್ಷನ್ ಆಯಿತು. ಈ ಹಳಿ ಹುಬ್ಬಳ್ಳಿಯಿಂದಾಚೆ ಬೊಂಬಾಯಿಯ ತನಕ ದಾರಿ ತೆರೆಯಿತು. ಸರಕು ಹೋದಂತೆ ಜನವೂ ಹೋಗತೊಡಗಿದರು. ಅದೇ ಹಳಿಯ ಮೇಲೆ ಜನ ವಾಪಸು ಬರಬಹುದು ಎನ್ನುವುದು ಗೊತ್ತಾಗಲು ಹತ್ತು ವರ್ಷವೂ ಬೇಕಾಗಲಿಲ್ಲ.

1896: ಪ್ಲೇಗು ಓಡಿಸಿದಾಗ

1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಮಾಂಡವಿಯಲ್ಲಿ ಪ್ಲೇಗು ಪತ್ತೆಯಾಯಿತು. ಹಡಗುಕಟ್ಟೆಯ ಪಕ್ಕದ, ಧಾನ್ಯದ ಮಳಿಗೆಗಳು ತುಂಬಿದ್ದ ಕೇರಿ ಅದು. ಆಗ ನಗರದ ಜನಸಂಖ್ಯೆ ಸುಮಾರು ಎಂಟೂವರೆ ಲಕ್ಷ. ಮುಂದಿನ ಐದಾರು ತಿಂಗಳಲ್ಲಿ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಊರು ಬಿಟ್ಟರು. 1897ರ ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ಮನೆ ಶೋಧ, ಬಲವಂತದ ಆಸ್ಪತ್ರೆ ವಾಸ, ರೈಲ್ವೆ ನಿಲ್ದಾಣದಲ್ಲಿ ಪ್ರಯಾಣಿಕರ ತಪಾಸಣೆ ಎಲ್ಲಕ್ಕೂ ಅದೇ ಆಧಾರ. ಆ ಕಾಯಿದೆ ಇನ್ನೊಮ್ಮೆ ನಮ್ಮ ಕಥೆಯಲ್ಲಿ ಬರುತ್ತದೆ, 123 ವರ್ಷದ ಮೇಲೆ.

ಜನ ಹೋದಮೇಲೆ ಬೊಂಬಾಯಿಯ ಬಟ್ಟೆ ಗಿರಣಿಗಳಿಗೆ ಆಳುಗಳಿಲ್ಲದಂತಾಯಿತು. ಅದುವರೆಗೆ ತಿಂಗಳ ಸಂಬಳ ಕೊಡುತ್ತಿದ್ದ, ಅದನ್ನೂ ತಡಮಾಡಿ ಕೊಡುತ್ತಿದ್ದ ಮಾಲೀಕರು ದಿನಗೂಲಿ ಕೊಡಲು ಒಪ್ಪಿದರು. ಬೀದಿ ಮೂಲೆಗಳಲ್ಲಿ ನಿಂತು ಒಬ್ಬರಿಗಿಂತ ಒಬ್ಬರು ಹೆಚ್ಚು ಕೂಲಿ ಕೂಗಿ ಆಳುಗಳನ್ನು ಕರೆದುಕೊಂಡು ಹೋದರು. ಕೂಲಿಯವರಿಗೆ ಹಿಂದಿರುಗಲು ಒಂದು ಹಳ್ಳಿ ಇದೆ, ಅಲ್ಲಿ ಒಂದಿಷ್ಟು ದಿನ ತಳ್ಳುವಷ್ಟು ಕಾಳು ಇದೆ ಎನ್ನುವುದೇ ಅವರ ಕೈಯಲ್ಲಿದ್ದ ಬಲ. ಹಳ್ಳಿ ಇಲ್ಲದಿದ್ದರೆ ಆ ಹೆಚ್ಚಿನ ಕೂಲಿಯೂ ಇಲ್ಲ.

ಆದರೆ ಹಳ್ಳಿ ಅದಕ್ಕೆ ಬೆಲೆ ತೆತ್ತಿತು. ಓಡಿದ ಜನರ ಜೊತೆಗೆ ರೋಗವೂ ರೈಲು ಹತ್ತಿ ಬಂತು. ಪುಣೆ, ಧಾರವಾಡ, ಹುಬ್ಬಳ್ಳಿ ದಾಟಿ 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರು ಮುಟ್ಟಿತು. ದಾರಿ ಮಧ್ಯದ ಮೈಸೂರು ಸಂಸ್ಥಾನದ ಊರುಗಳಿಗೂ ಹಬ್ಬಿತು. ಬೆಂಗಳೂರಿಗೆ ಅದರಿಂದ ಒಂದು ಅನುಕೂಲವೂ ಆಯಿತು ಎನ್ನಿ. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಬೇಕೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಹಳ್ಳಿಗಳಿಗೆ ಬಡಾವಣೆ ಬರಲಿಲ್ಲ. ಇಲಿ ಬಿದ್ದ ಸುದ್ದಿ ಸಿಕ್ಕ ಕೂಡಲೇ ಮನೆಗೆ ಬೀಗ ಹಾಕಿ, ಹೊಲದಲ್ಲಿ ಗರಿಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು ಅವರಿಗೆ ಉಳಿದ ಉಪಾಯ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ 'ಪಿಲೇಗು ಬಂದಾಗ ಊರು ಬಿಟ್ಟಿದ್ದು' ಎನ್ನುವ ಮಾತು ಅಜ್ಜಿಯರ ಬಾಯಲ್ಲಿ ಈಚಿನವರೆಗೂ ಇತ್ತು.

1942: ಸಂಬಳದ ಜೊತೆ ಬಂದವರು

ಎರಡನೇ ಸಲ ಖಾಲಿಯಾದದ್ದು ಮದರಾಸು. ಎರಡನೇ ಮಹಾಯುದ್ಧದಲ್ಲಿ ಸಿಂಗಪುರ, ರಂಗೂನು ಜಪಾನಿನ ಕೈಗೆ ಬಿದ್ದಿದ್ದವು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಜಪಾನಿ ವಿಮಾನಗಳು ಬಾಂಬು ಹಾಕಿದವು. ಮುಂದಿನದು ಮದರಾಸು ಎಂಬ ಭಯ ಹುಟ್ಟಿತು. ಅಗತ್ಯ ಕೆಲಸ ಇಲ್ಲದವರು ನಗರ ಬಿಟ್ಟು ಹೋಗಬಹುದು ಎಂದು ಸರ್ಕಾರವೇ ಹೇಳಿತು. ಸರ್ಕಾರದ ಕಚೇರಿಗಳನ್ನು ಊಟಿ, ಚಿತ್ತೂರು ಮುಂತಾದ ಒಳನಾಡಿನ ಊರುಗಳಿಗೆ ಸಾಗಿಸಲಾಯಿತು. ನೆಂಟರಿಷ್ಟರು ಇದ್ದವರು ಬೆಂಗಳೂರು, ಮೈಸೂರಿಗೂ ಬಂದರು.

ಈ ಸಲ ಬಂದವರಲ್ಲಿ ದೊಡ್ಡ ಭಾಗ ಗುಮಾಸ್ತರು, ಅಧಿಕಾರಿಗಳು, ವಕೀಲರು, ವ್ಯಾಪಾರಿಗಳು. ಕಚೇರಿಯ ಕಡತಗಳ ಜೊತೆಗೆ ಸಂಬಳವೂ ಬಂತು. ಸರ್ಕಾರ ರೈಲು ಕೊಟ್ಟಿತು, ಕಟ್ಟಡ ಹುಡುಕಿಕೊಟ್ಟಿತು. ಭಯ ಕಳೆದಮೇಲೆ ಬಹುಪಾಲು ಜನ ಮರಳಿ ಹೋದರು. ಒಳನಾಡಿಗೆ ಬರುವುದು ಎನ್ನುವ ಅದೇ ಕೆಲಸ, ಬರುವವರ ಹಿಂದೆ ಸರ್ಕಾರ ನಿಂತಾಗ ಎಷ್ಟು ಸಲೀಸು ಎನ್ನುವುದಕ್ಕೆ ಇದು ಉದಾಹರಣೆ. ಕಡಲಿನಿಂದ ದೂರ ಇರುವುದೇ ಒಂದು ಭದ್ರತೆ ಎಂಬ ಲೆಕ್ಕ ಆ ವರ್ಷಗಳಲ್ಲಿ ಬಲವಾಯಿತು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಯುದ್ಧದ ಕಾಲದಲ್ಲೇ ಬೆಳೆಯಿತು. ಆ ಅನುಕೂಲ ನಗರಗಳಲ್ಲೇ ನಿಂತಿತು, ಹೋಬಳಿಗಳಿಗೆ ಇಳಿಯಲಿಲ್ಲ.

ಒಂಟಿ ಗಂಡಸಿಗೆ ಕಟ್ಟಿದ ನಗರ

ಮೂರನೆಯ ಅಲೆಗೆ ಹೋಗುವ ಮೊದಲು ಮುಂಬೈ ಹೇಗೆ ನಡೆಯುತ್ತಿತ್ತು ಎಂದು ನೋಡಬೇಕು. 1921ರ ಜನಗಣತಿಯಲ್ಲಿ ಬೊಂಬಾಯಿಯಲ್ಲಿ ಸಾವಿರ ಗಂಡಸರಿಗೆ ಆರುನೂರಕ್ಕೂ ಕಡಿಮೆ ಹೆಂಗಸರಿದ್ದರು. ಹೆಂಡತಿ, ಮಕ್ಕಳು, ಮುದುಕರೆಲ್ಲ ಊರಿನಲ್ಲಿ. ಗಂಡಸು ಚಾಳಿನ ಒಂದು ಖೋಲಿಯಲ್ಲಿ, ಏಳೆಂಟು ಜನರ ಜೊತೆ ಪಾಳಿಯ ಮೇಲೆ ಮಲಗಿ ಏಳುತ್ತಿದ್ದ. ಊಟ ಖಾನಾವಳಿಯಲ್ಲಿ. ಗಿರಣಿಗಳಲ್ಲಿ ಹೆಚ್ಚಿನವರು ರತ್ನಾಗಿರಿ, ಸಾತಾರ ಕಡೆಯವರು. ನಮ್ಮ ಕರಾವಳಿಯ ಕನ್ನಡಿಗರು, ತುಳುವರು ಬಂದರು, ಮೀನುಗಾರಿಕೆ, ಹೋಟೆಲುಗಳಲ್ಲಿ ಜಾಗ ಮಾಡಿಕೊಂಡರು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1933ರಲ್ಲಿ ಕರ್ನಾಟಕ ಸಂಘ ಹೀಗೆ ಸಂಸ್ಥೆಗಳು ಹುಟ್ಟಿದವು. ಹಗಲು ಲೋಟ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಗೆ ಹೋದರು. ಮುಂಬೈಯ ಆ ರಾತ್ರಿಶಾಲೆಗಳು ನಮ್ಮ ವಲಸೆಯ ಚರಿತ್ರೆಯಲ್ಲಿ ಹೆಮ್ಮೆಯ ಪುಟ.

ಹಳೇ ಮೈಸೂರಿನ ಒಳನಾಡಿನಿಂದ ಹೋದವರದು ಅಷ್ಟಾಗಿ ದಾಖಲಾಗದ ಕಥೆ. ಕೃಷ್ಣರಾಜಪೇಟೆ, ನಾಗಮಂಗಲ, ಚನ್ನರಾಯಪಟ್ಟಣ ತಾಲ್ಲೂಕುಗಳ ಮಳೆಯಾಶ್ರಿತ ಹಳ್ಳಿಗಳಿಂದ ಒಬ್ಬರ ಹಿಂದೆ ಒಬ್ಬರು ಮುಂಬೈ ಸೇರಿದರು. ಹೋಟೆಲು, ಆಟೊ, ಸಣ್ಣಪುಟ್ಟ ವ್ಯಾಪಾರ ಅವರ ದುಡಿಮೆ. ಚನ್ನರಾಯಪಟ್ಟಣ ನಮ್ಮ ಅರಸೀಕೆರೆಗೆ ಪಕ್ಕದ ತಾಲ್ಲೂಕು. ರಾಗಿ, ತೆಂಗು, ಬೋರ್‌ವೆಲ್ಲು ಎನ್ನುವ ಬದುಕಿನ ಲೆಕ್ಕ ಎರಡೂ ಕಡೆ ಒಂದೇ.

ಈಗ ಕೂಲಿಯ ಲೆಕ್ಕ ನೋಡಿ. ನಗರ ಕೊಟ್ಟ ಸಂಬಳ ಒಬ್ಬ ಗಂಡಸಿನ ಹೊಟ್ಟೆಗೆ, ಅವನ ಚಾಪೆಯಷ್ಟಗಲದ ಜಾಗಕ್ಕೆ, ಮನಿಯಾರ್ಡರಿಗೆ ಸಾಕಾಗುವಷ್ಟು. ಅವನನ್ನು ಹೆತ್ತು, ಹದಿನೆಂಟು ವರ್ಷ ಸಾಕಿ ಕಳಿಸಿದ್ದು ಹಳ್ಳಿ. ಕಾಯಿಲೆ ಬಿದ್ದಾಗ ಹೊದೆಸಿ ಮಲಗಿಸಿದ್ದು ಹಳ್ಳಿ. ಹೆಂಡತಿ ಹೊಲ ಉತ್ತಿಸಿ, ಎಮ್ಮೆ ಕರೆದು, ಅತ್ತೆ ಮಾವಂದಿರನ್ನು ನೋಡಿಕೊಂಡದ್ದಕ್ಕೆ ಯಾವ ಗಿರಣಿಯೂ ಹೋಟೆಲೂ ಸಂಬಳ ಕೊಡಲಿಲ್ಲ. ಮನಿಯಾರ್ಡರು ಬಂದದ್ದು ನಿಜ, ಅದರಿಂದ ಹೆಂಚಿನ ಮನೆಗಳು ಎದ್ದದ್ದೂ ನಿಜ. ಆದರೆ ನಗರಕ್ಕೆ ದುಡಿಮೆ ಅಗ್ಗವಾಗಿ ಸಿಕ್ಕಿದ್ದು ಮಿಕ್ಕ ಖರ್ಚನ್ನೆಲ್ಲ ಹಳ್ಳಿ ಹೊತ್ತದ್ದರಿಂದ. ಒಳನಾಡಿನ ಅಗ್ಗದ ಗುಟ್ಟು ಇಲ್ಲಿದೆ. ಖರ್ಚು ಕಡಿಮೆ ಇರಲಿಲ್ಲ, ಅದಕ್ಕೆ ರಸೀದಿ ಇರಲಿಲ್ಲ.

1982: ಗಿರಣಿ ನಿಂತಾಗ

1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬೈಯ ಗಿರಣಿ ಮುಷ್ಕರ ಶುರುವಾಯಿತು. ಸುಮಾರು 60 ಗಿರಣಿಗಳು, ಎರಡೂವರೆ ಲಕ್ಷದಷ್ಟು ಕಾರ್ಮಿಕರು. ಅದು ವರ್ಷ ದಾಟಿದರೂ ಮುಗಿಯಲಿಲ್ಲ, ಔಪಚಾರಿಕವಾಗಿ ಹಿಂತೆಗೆದುಕೊಂಡದ್ದೂ ಇಲ್ಲ. ಅಷ್ಟು ಕಾಲ ಸಂಬಳವಿಲ್ಲದೆ ಎರಡೂವರೆ ಲಕ್ಷ ಮನೆಗಳು ಉಳಿದದ್ದು ಹೇಗೆ? ಹೆಚ್ಚಿನವರು ಊರಿಗೆ ಹೋದರು. ಕೊಂಕಣ, ಸಾತಾರ, ಸಾಂಗ್ಲಿ, ಕೊಲ್ಹಾಪುರದ ಹಳ್ಳಿಗಳು ಅವರಿಗೆ ಅನ್ನ ಹಾಕಿದವು. ಮುಷ್ಕರದ ನಿಜವಾದ ನಿಧಿ ಹಳ್ಳಿಯ ಕಣಜ. ಮುಷ್ಕರ ಸೋತಿತು. ಲಕ್ಷಕ್ಕೂ ಹೆಚ್ಚು ಜನರಿಗೆ ಮತ್ತೆ ಆ ಕೆಲಸ ಸಿಗಲಿಲ್ಲ. ಗಿರಣಿಯ ಪಾಳಿಯನ್ನೇ ನಂಬಿದ್ದ ಪರೇಲ್, ಲಾಲ್‌ಬಾಗ್ ಕಡೆಯ ಖಾನಾವಳಿ, ಚಹಾದಂಗಡಿಗಳಿಗೂ ಪೆಟ್ಟು ಬಿತ್ತು.

ಮುಂಬೈ ದುಬಾರಿಯಾದ ಕಥೆಗೂ ಗಿರಣಿಗೂ ನಂಟಿದೆ. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಹಳೆಯ ಚಾಳುಗಳ ಬಾಡಿಗೆಯನ್ನು ಕಟ್ಟಿಹಾಕಿತ್ತು. ಹಳೇ ಖೋಲಿ ಸಿಕ್ಕವರು ಬದುಕಿದರು. ಹೊಸಬರು ಪಗಡಿ ಕೊಡಬೇಕು, ಇಲ್ಲವೇ ಗುಡಿಸಲು ಹಾಕಬೇಕು. ನಡುನಗರದಲ್ಲಿ ಬಡವರ ಮನೆಗೆ ಸಿಗಬಹುದಾಗಿದ್ದ ದೊಡ್ಡ ಜಾಗವೆಂದರೆ ನಿಂತ ಗಿರಣಿಗಳ ನೆಲ. 1991ರ ನಿಯಮದ ಪ್ರಕಾರ ಮಾರುವ ಗಿರಣಿ ಜಾಗದಲ್ಲಿ ಮೂರನೇ ಒಂದು ಪಾಲು ನಗರಸಭೆಯ ಬಯಲಿಗೆ, ಮೂರನೇ ಒಂದು ಪಾಲು ಸರ್ಕಾರಿ ವಸತಿಗೆ, ಉಳಿದದ್ದು ಮಾಲೀಕನಿಗೆ. 2001ರಲ್ಲಿ ಅದನ್ನು ತಿದ್ದಿ, ಕಟ್ಟಡಗಳಿಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಹಂಚಿಕೆ ಎಂದರು. ಪಾಲು ಕುಗ್ಗಿತು. ಗಿರಣಿಯ ಚಿಮಣಿ ಇದ್ದಲ್ಲಿ ಗಾಜಿನ ಕಟ್ಟಡ, ಮಾಲ್ ಎದ್ದವು.

ಇನ್ನೊಂದು ಸಂಗತಿ ಜನಗಣತಿಯಲ್ಲಿದೆ. 2001ರಿಂದ 2011ರ ನಡುವೆ ಹಳೇ ದ್ವೀಪ ನಗರವಾದ ಮುಂಬೈ ಜಿಲ್ಲೆಯ ಜನಸಂಖ್ಯೆ 33.4 ಲಕ್ಷದಿಂದ 30.9 ಲಕ್ಷಕ್ಕೆ ಇಳಿಯಿತು. ಅದೇ ಹತ್ತು ವರ್ಷದಲ್ಲಿ ಪಕ್ಕದ ಠಾಣೆ ಜಿಲ್ಲೆ 81 ಲಕ್ಷದಿಂದ 1.1 ಕೋಟಿ ದಾಟಿತು. ಅಂದರೆ ದುಬಾರಿ ನಗರ ಹೊರಗೆ ತಳ್ಳಿದವರು ಮೊದಲು ಹೋಗುವುದು ವಿರಾರ್, ಕಲ್ಯಾಣ್, ಡೊಂಬಿವಲಿಗೆ. ದಿನಕ್ಕೆ ಮೂರು ನಾಲ್ಕು ಗಂಟೆ ಲೋಕಲ್ ರೈಲಿನಲ್ಲಿ ನಿಂತು ಹೋಗಿ ಬರುತ್ತಾರೆಯೇ ಹೊರತು ಊರಿಗೆ ಬರುವುದಿಲ್ಲ. ಊರಿನಲ್ಲಿ ಬಾಡಿಗೆ ಕಡಿಮೆ ಎನ್ನುವುದು ಅವರಿಗೂ ಗೊತ್ತು. ಊರಿನಲ್ಲಿ ಕೆಲಸವೂ ಕಡಿಮೆ ಎನ್ನುವುದು ಅದಕ್ಕಿಂತ ಚೆನ್ನಾಗಿ ಗೊತ್ತು.

ನಮ್ಮ ಜಿಲ್ಲೆಯ ಅಂಕಿ ಅದನ್ನೇ ಹೇಳುತ್ತದೆ. ಹಾಸನ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17.2 ಲಕ್ಷ, 2011ರಲ್ಲಿ 17.8 ಲಕ್ಷ. ಬೆಳೆದದ್ದು ಶೇ 3ರ ಆಸುಪಾಸು. ಆಗ ರಾಜ್ಯ ಶೇ 15.6ರಷ್ಟು, ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆದವು. ಹಾಸನದಲ್ಲಿ ಹೆರಿಗೆ ಕಡಿಮೆಯಾದದ್ದು ಒಂದು ಕಾರಣ. ದುಡಿಯುವ ವಯಸ್ಸಿನವರು ಹೊರಗೆ ಹೋದದ್ದು ಇನ್ನೊಂದು. ಮನೆ ಬಾಡಿಗೆ ಅಗ್ಗ ಇರುವ ಜಿಲ್ಲೆಯಿಂದಲೇ ಜನ ಹೋಗುತ್ತಿದ್ದಾರೆ ಎಂದಮೇಲೆ ಅಗ್ಗವೊಂದೇ ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ.

2020: ಮುಂಬೈಯಿಂದ ಬಂದವರು

ನಾಲ್ಕನೆಯ ಅಲೆ ನಾವೇ ಕಂಡದ್ದು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. 1897ರ ಅದೇ ಸಾಂಕ್ರಾಮಿಕ ರೋಗಗಳ ಕಾಯಿದೆ ಮತ್ತೆ ಹೊರಬಂತು. ಹೋಟೆಲು ಮುಚ್ಚಿತು, ಆಟೊ ನಿಂತಿತು, ಖೋಲಿಯ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಪಾಸು ಸಿಕ್ಕವರು ಸಿಕ್ಕ ಗಾಡಿ ಹಿಡಿದು ಊರ ಕಡೆ ಹೊರಟರು. ಮೇ ಎರಡನೇ ವಾರದವರೆಗೆ ಒಂದೂ ಪ್ರಕರಣವಿಲ್ಲದೆ ಹಸಿರು ವಲಯದಲ್ಲಿದ್ದ ಹಾಸನ ಜಿಲ್ಲೆಯಲ್ಲಿ ಮೊದಲ ಪ್ರಕರಣಗಳು ಕಾಣಿಸಿಕೊಂಡದ್ದು ಮುಂಬೈಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಬಂದವರಲ್ಲಿ. ಮಂಡ್ಯದ ಕೃಷ್ಣರಾಜಪೇಟೆ, ನಾಗಮಂಗಲದಲ್ಲೂ ಹೀಗೇ ಆಯಿತು.

ಮೇ 18ರಂದು ರಾಜ್ಯ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ಸ್ವಂತ ರಾಜ್ಯದ ಗಡಿಯಲ್ಲಿ ನಮ್ಮವರೇ ನಿಂತರು. ಅದಕ್ಕೂ ಮೊದಲು ಎಷ್ಟೋ ಹಳ್ಳಿಗಳು ಊರಿನ ದಾರಿಗೆ ಅಡ್ಡಲಾಗಿ ಜಾಲಿಮುಳ್ಳಿನ ಬೇಲಿ ಹಾಕಿದ್ದವು. ಇದನ್ನು ಬರೀ ಕಲ್ಲುಮನಸ್ಸು ಎಂದು ಬಯ್ಯುವುದು ಸುಲಭ. ಹೆಚ್ಚೆಂದರೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರಲ್ಲಿ ಇದ್ದರೆ ಒಬ್ಬ ಡಾಕ್ಟರು, ಇಷ್ಟನ್ನು ನಂಬಿಕೊಂಡ ಊರು ಮತ್ತೇನು ಮಾಡಬೇಕಿತ್ತು ಎಂದೂ ಕೇಳಬೇಕಾಗುತ್ತದೆ. ಬಂದವರನ್ನು ಹಾಸ್ಟೆಲ್‌ಗಳಲ್ಲಿ, ವಸತಿ ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದರು. ಕೈಗೆ ಮುದ್ರೆ ಒತ್ತಿದರು. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಲೆಕ್ಕ ಬರೆದರು. ನಗರದಿಂದ ಬಂದ ಆಪತ್ತಿನ ಮೊದಲ ಕಾವಲನ್ನು ಆ ಗೌರವಧನದ ಹೆಂಗಸರೇ ನಿಭಾಯಿಸಿದರು.

ಆಮೇಲಿನದು ಹೊಟ್ಟೆಯ ಪ್ರಶ್ನೆ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 275 ರೂಪಾಯಿ. ಆಗ ಕಾಯಿದೆಯ ಖಾತರಿ ಒಂದು ಮನೆಗೆ ನೂರು ದಿನ ಇತ್ತು. ಪೂರ್ತಿ ನೂರು ದಿನ ಸಿಕ್ಕರೂ ವರ್ಷಕ್ಕೆ 27,500 ರೂಪಾಯಿ, ತಿಂಗಳಿಗೆ 2,300ಕ್ಕೂ ಕಡಿಮೆ. ಒಂದೇ ಜಾಬ್ ಕಾರ್ಡಿನ ಮೇಲೆ ಊರಿನಲ್ಲಿದ್ದ ಅಣ್ಣನೂ ಮುಂಬೈಯಿಂದ ಬಂದ ತಮ್ಮನೂ ಇದ್ದರೆ ಆ ನೂರು ದಿನ ಇಬ್ಬರಿಗೂ ಹಂಚಿಕೆ. ಮಿಕ್ಕದ್ದನ್ನು ಮನೆಯ ರಾಗಿ ಕಣಜ, ಹಾಲಿನ ಡೇರಿಯ ಬಟವಾಡೆ, ಅತ್ತಿಗೆಯ ಸ್ತ್ರೀಶಕ್ತಿ ಸಂಘದ ಸಾಲ ತುಂಬಿಸಬೇಕು. 1982ರಲ್ಲಿ ಸಾತಾರದ ಹಳ್ಳಿ ಮಾಡಿದ ಕೆಲಸವನ್ನೇ 2020ರಲ್ಲಿ ನಮ್ಮ ಕಡೆಯ ಹಳ್ಳಿ ಮಾಡಿತು. ಅದೇ ತಿಂಗಳುಗಳಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದವರೂ ಇದ್ದರು. ಅವರಿಗೆ ತಿಂಗಳ ಕೊನೆಗೆ ನಗರದ ಸಂಬಳ, ಹಳ್ಳಿಯ ಖರ್ಚು. ಅವರದು 'ವರ್ಕ್ ಫ್ರಮ್ ಹೋಮ್' ಆಯಿತು, ಇವರದು 'ಮುಂಬೈ ಕೇಸು' ಆಯಿತು.

ಬಸ್ಸು ರೈಲು ಶುರುವಾದ ಮೇಲೆ ಬಹಳ ಜನ ಹಿಂದಿರುಗಿದರು. ಊರಿನಲ್ಲಿ ಅವರನ್ನು ಯಾರೂ ಓಡಿಸಲಿಲ್ಲ. ಓಡಿಸಿದ್ದು ಲೆಕ್ಕ.

ಕಣಕಟ್ಟೆಗೆ ಬಂದರೆ

ಕಣಕಟ್ಟೆ ಅರಸೀಕೆರೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದು. ತೆಂಗು, ರಾಗಿಯ ಬಯಲುಸೀಮೆ. ಮುಂಬೈಯಿಂದ ಇಂಥ ಕಡೆಗೆ ಒಬ್ಬರು ಬಂದು ನೆಲೆಸುವ ಮಾತಾಡಿದರೆ ಜಾಗದ ಬೆಲೆಗಿಂತ ಮೊದಲು ಕೇಳಬೇಕಾದದ್ದು ನೀರಿನ ಬೆಲೆ. ಕಳೆದ ದಶಕದ ಬರಗಾಲಗಳಲ್ಲಿ ಅರಸೀಕೆರೆ, ತಿಪಟೂರು, ಚನ್ನರಾಯಪಟ್ಟಣ ಭಾಗದಲ್ಲಿ ಫಲ ಕೊಡುವ ತೆಂಗಿನ ಮರಗಳು ಸುಳಿ ಒಣಗಿ ನಿಂತದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ತೆಂಗಿನ ತೋಟ ಸತ್ತರೆ ಮತ್ತೆ ಕಾಯಿ ಬಿಡಲು ಏಳೆಂಟು ವರ್ಷ. ಬೋರ್‌ವೆಲ್ ಸೋತರೆ ಇನ್ನೊಂದು ಕೊರೆಸಬೇಕು, ಅದಕ್ಕೆ ಸಾಲ. ಹೊರಗಿನಿಂದ ಬಂದವರು ದುಡ್ಡಿದೆ ಎಂದು ಇನ್ನೂ ಆಳಕ್ಕೆ ಕೊರೆಸಿದರೆ ಪಕ್ಕದವನ ಬಾವಿಯ ಕಥೆ ಏನು? ಅವರ ಅಗ್ಗದ ಜೀವನಕ್ಕೆ ಬೆಲೆ ಕಟ್ಟುವವನು ಆ ಪಕ್ಕದವನೇ.

ನೀರಿನ ವಿಷಯದಲ್ಲಿ ಕಡಲ ನಗರ ಮತ್ತು ಒಳನಾಡಿನ ಸಂಬಂಧ ಯಾವಾಗಲೂ ಒಂದೇ ಕಡೆಗೆ ವಾಲಿದೆ. ಮುಂಬೈ ಕುಡಿಯುವುದು ತಾನ್ಸಾ, ವೈತರಣಾ, ಭಾತ್ಸಾ ಜಲಾಶಯಗಳ ನೀರು. ಆ ಜಲಾಶಯಗಳ ಪಕ್ಕದ ಶಹಾಪುರ ತಾಲ್ಲೂಕಿನ ಹಳ್ಳಿಗಳು ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತವೆ. 2019ರ ಜುಲೈಯಲ್ಲಿ ಚೆನ್ನೈ ಒಣಗಿದಾಗ ಒಳನಾಡಿನ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಹೋಯಿತು. ನಮ್ಮಲ್ಲಿ ಈಗ ಅದರ ತಿರುವುಮುರುವಾದ ಪ್ರಯತ್ನ ನಡೆದಿದೆ. ಸಕಲೇಶಪುರದ ಬಳಿ ಪಶ್ಚಿಮಕ್ಕೆ ಹರಿಯುವ ಹಳ್ಳಗಳ ನೀರನ್ನು ಎತ್ತಿ ಪೂರ್ವದ ಒಣ ಜಿಲ್ಲೆಗಳಿಗೆ ಹರಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಅರಸೀಕೆರೆಯ ರೈತರು ಅದರ ಕಡೆ ಆಸೆಯಿಂದ ನೋಡುತ್ತಿದ್ದಾರೆ. ಘಟ್ಟದ ಕಾಡಿಗೆ ಆದ ಗಾಯ, ನೇತ್ರಾವತಿಯ ಕೆಳದಂಡೆಯವರ ಆತಂಕ ಅದರ ಇನ್ನೊಂದು ಮುಖ. ಒಳನಾಡನ್ನು ಬದುಕಲು ಅನುಕೂಲ ಮಾಡುವ ಖರ್ಚೂ ಎಲ್ಲೋ ಒಂದು ಕಡೆ ಯಾರದೋ ಮನೆಗೆ ಬೀಳುತ್ತದೆ.

ಹಾಗಾದರೆ ಯಾರೂ ಬರಬಾರದೇ? ಖಂಡಿತ ಬರಬೇಕು. ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ, ಹೊಲದಲ್ಲಿ ಅರವತ್ತು ದಾಟಿದವರೇ ನೇಗಿಲು ಹಿಡಿದಿರುವ ಊರುಗಳಿಗೆ ಜನ ಬೇಕು. ಇಪ್ಪತ್ತು ವರ್ಷ ಹೋಟೆಲು ನಡೆಸಿದವರ ಕೈಗುಣ ಬೇಕು, ಗಾಡಿ ರಿಪೇರಿ ಗೊತ್ತಿರುವವರು ಬೇಕು, ನಾಲ್ಕು ಭಾಷೆ ಆಡುವವರು ಬೇಕು. ಹೊಯ್ಸಳರ ಕಾಲದ ಸೆಟ್ಟಿಗೆ ಇಲ್ಲಿ ಗಿರಾಕಿ ಇದ್ದ, 1942ರ ಗುಮಾಸ್ತನಿಗೆ ಇಲ್ಲಿ ಕಚೇರಿ ಇತ್ತು. ಹಾಗೆ ಬಂದವರು ಊರಿಗೆ ಭಾರವಾಗಲಿಲ್ಲ. 1896, 1982, 2020ರಲ್ಲಿ ಬಂದವರಿಗೆ ಇದ್ದದ್ದು ಮನೆಯವರ ತಟ್ಟೆ ಮಾತ್ರ.

ಈ ವ್ಯತ್ಯಾಸವನ್ನು ತುಂಬುವ ಕೆಲಸ ಗ್ರಾಮ ಪಂಚಾಯಿತಿಯಿಂದ ಶುರುವಾಗಬಹುದು. 2020ರಲ್ಲಿ ಪಂಚಾಯಿತಿ ಮಟ್ಟದ ಕಾರ್ಯಪಡೆಗಳು ಹೊರಗಿನಿಂದ ಬಂದವರ ಹೆಸರು, ಬಂದ ತಾರೀಕು, ಬಂದ ಊರನ್ನು ಬರೆದುಕೊಂಡವು. ಅಷ್ಟು ಚುರುಕಾಗಿ ವಲಸಿಗರ ಪಟ್ಟಿ ಮಾಡಬಲ್ಲೆವು ಎನ್ನುವುದು ಅಂದು ಸಾಬೀತಾಯಿತು. ಆ ಪಟ್ಟಿಯ ಉದ್ದೇಶ ರೋಗ ತಡೆಯುವುದಾಗಿತ್ತು. ಅಂಥದೇ ಒಂದು ಪುಸ್ತಕ ಪಂಚಾಯಿತಿಯಲ್ಲಿ ಯಾವಾಗಲೂ ಇರಲಿ. ಯಾರು ಹೊರಗಿದ್ದಾರೆ, ಯಾವ ಕೆಲಸ ಬಲ್ಲರು, ಅವರ ಮಕ್ಕಳು ಯಾವ ತರಗತಿ, ರೇಷನ್ ಕಾರ್ಡು ಎಲ್ಲಿದೆ ಎನ್ನುವ ನಾಲ್ಕು ಕಲಂ ಸಾಕು. ಬರುವವರಿಗೆ ಶಾಲೆಯಲ್ಲಿ ಸೀಟು, ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ, ಕೆಲಸಕ್ಕೆ ಸಾಲದ ಅರ್ಜಿ ಸಿದ್ಧವಾಗಿರುತ್ತದೆ. ಹೊಸ ಬೋರ್‌ವೆಲ್ಲಿಗೆ ಅನುಮತಿ ಕೇಳುವವರ ಮುಂದೆ ಪಕ್ಕದ ಬಾವಿಗಳ ಲೆಕ್ಕವೂ ಇರಲಿ.

ಐದನೆಯ ಅಲೆ ಬರುತ್ತದೆ. ಬಾಡಿಗೆ ಏರಿದ್ದಕ್ಕೋ, ಸಮುದ್ರ ಏರಿದ್ದಕ್ಕೋ, ಇನ್ಯಾವುದಾದರೂ ರೋಗಕ್ಕೋ, ಕಾರಣ ಯಾವುದೇ ಇರಲಿ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಇಳಿದು, ಗಂಟುಮೂಟೆ ಹೊತ್ತು, ಕಣಕಟ್ಟೆ ಬಸ್ಸಿಗೆ ಕಾಯುವವರು ಅಂದು ಯಾರ ಲೆಕ್ಕದಲ್ಲಿ ಇರಬೇಕು ಎಂದು ಈಗಲೇ ತೀರ್ಮಾನಿಸಿದರೆ ಒಳ್ಳೆಯದು. ಇಲ್ಲದಿದ್ದರೆ ಆ ಲೆಕ್ಕ ಮತ್ತೆ ಅತ್ತಿಗೆಯ ಸಂಘದ ಪಾಸ್‌ಬುಕ್ಕಿಗೇ ಬರುತ್ತದೆ.